ಒಂಬತ್ತನೆಯ ಕೋಟು

ನಮ್ಮ ಬೀದಿಯ ದರ್ಜಿ ದಯೆಯಿಲ್ಲದ ಮನುಷ್ಯ. ಕೋಪದಿಂದ ಹೇಳುತ್ತಿರುವ ಮಾತಲ್ಲ ಇದು. ಮೂವತ್ತು ವರ್ಷ ಆತನ ಅಂಗಡಿಯ ಎದುರು ಮನೆಯಲ್ಲಿದ್ದು, ನೋಡಿ, ತೂಗಿ ಹೇಳುತ್ತಿದ್ದೇನೆ. ಮದುವೆಗೆ ಹೊರಟ ವರನೊಬ್ಬ ಹೊಸ ಕೋಟು ತೊಟ್ಟು ಕನ್ನಡಿಯ ಮುಂದೆ ತನ್ನನ್ನೇ ಮೆಚ್ಚಿಕೊಳ್ಳುತ್ತಿದ್ದಾಗ, ಬೆನ್ನಿನ ಹೊಲಿಗೆ ಅರ್ಧ ಇಂಚು ಎಡಕ್ಕೆ ಸರಿದಿದೆಯೆಂದು ಕೋಟನ್ನು ಆತನ ಮೈಮೇಲಿಂದಲೇ ಕಳಚಿಕೊಂಡು, ಹೊರಗೆ ಬಂಧುಗಳು ಕಾರಿನ ಹಾರನ್ ಒತ್ತುತ್ತಿದ್ದರೂ ತಲೆಯೆತ್ತದೆ, ಒಂದೊಂದೇ ದಾರ ಕಿತ್ತು ಮತ್ತೆ ಹೊಲಿದು ಕೊಟ್ಟವನು. "ಅದು ಯಾರಿಗೆ ಕಾಣುತ್ತೆ ಸ್ವಾಮಿ?" ಎಂದು ವರನ ಅಪ್ಪ ಕೂಗಾಡಿದರೆ, "ನನಗೆ ಕಾಣುತ್ತಲ್ಲ" ಎಂದನಂತೆ. ಅಂದಿನಿಂದ ಊರಲ್ಲಿ ಆತನ ಹೆಸರು 'ಅರ್ಧ ಇಂಚು'.

ತುಸು ಬಲಕ್ಕೆ ವಾಲಿ ನಡೆಯುತ್ತಾನೆ. ಹೊಲಿಗೆ ಯಂತ್ರದ ಮೇಲೆ ನಲವತ್ತೈದು ವರ್ಷ ಬಾಗಿದ ಮೈ. ಕುತ್ತಿಗೆಯಲ್ಲಿ ನೇತಾಡುವ ಅಳತೆಯ ಟೇಪು ಸಾವಿನ ಮನೆಗೆ ಹೋದರೂ ಇಳಿಯುವುದಿಲ್ಲ. ಮಾತಾಡುವಾಗ ಎದುರಿನವರ ಕಣ್ಣು ನೋಡದೆ ಭುಜ ನೋಡುತ್ತಾನೆ, ಹಾಗಾಗಿ ಹೊಸಬರಿಗೆ ತಮ್ಮ ಮೇಲೆ ಏನೋ ಹುಳು ಕುಳಿತಿದೆಯೆಂಬ ಗುಮಾನಿ ಹುಟ್ಟುತ್ತದೆ. ಸಂಶಯ ಬಂದದ್ದು ಕೋಟಾಗಲಿ, ಗಡಿಯಾರವಾಗಲಿ, ಪುರಸಭೆಯ ನಡಾವಳಿಯಾಗಲಿ, ಆತನದು ಒಂದೇ ಮಾತು: "ಬಿಚ್ಚಿ ನೋಡೋಣ."

ಆರು ವರ್ಷದ ಹಿಂದೆ, ಊರಿಗೆ ನೀರಿನ ಪೈಪು ಹಾಕುವ ಕೆಲಸ ಬಯಸಿದ್ದ ಗುತ್ತಿಗೆದಾರನೊಬ್ಬ ಬೂದು ಬಣ್ಣದ ಬಟ್ಟೆಯ ಥಾನು ತಂದು, ಪುರಸಭೆಯ ಸಮಾರಂಭಕ್ಕೆ ಒಂಬತ್ತು ಕೋಟು ಬೇಕೆಂದ. ಒಂಬತ್ತು ಜನ ಸದಸ್ಯರು ಬಂದು ಅಳತೆ ಕೊಟ್ಟರು. "ಕಂಕುಳಲ್ಲಿ ಬಿಗಿ ಆಗಬಾರದು, ಇವರಿಗೆ ಕೈ ಎತ್ತೋ ಕೆಲಸ ಇದೆ" ಎಂದು ಗುತ್ತಿಗೆದಾರ ನಕ್ಕ. ದರ್ಜಿ ಅದನ್ನು ಅಳತೆಯ ಮಾತೆಂದೇ ತಿಳಿದು ಅರ್ಧ ಇಂಚು ಸಡಿಲ ಬಿಟ್ಟ. ಸಮಾರಂಭ ನಡೆಯಲೇ ಇಲ್ಲ. ಮರುತಿಂಗಳು ಬೀದಿಯ ಚರಂಡಿಯ ಅರ್ಜಿ ಹಿಡಿದು ಪುರಸಭೆಗೆ ಹೋದವನು ಸಾರ್ವಜನಿಕರ ಬೆಂಚಿನಲ್ಲಿ ಕುಳಿತು ನೋಡುತ್ತಾನೆ: ಹದಿನೇಳು ಸದಸ್ಯರ ನಡುವಿನಿಂದ ಒಂಬತ್ತು ಬೂದು ತೋಳುಗಳು ಒಟ್ಟಿಗೇ ಮೇಲೆದ್ದವು, ಪೈಪಿನ ಗುತ್ತಿಗೆ ಅದೇ ಗುತ್ತಿಗೆದಾರನ ಪಾಲಾಯಿತು. "ಒಂದು ತೋಳೂ ಹಿಡೀಲಿಲ್ಲ ಅಮ್ಮಾ. ಅಷ್ಟು ಚೆನ್ನಾಗಿ ಹೊಲಿದುಬಿಟ್ಟಿದ್ದೆ" ಎಂದು ಆ ಸಂಜೆ ನಮ್ಮ ಮನೆಯ ಮೆಟ್ಟಿಲ ಮೇಲೆ ನಿಂತು ಹೇಳಿದ. ತನ್ನ ಕೈಕೆಲಸವನ್ನು ಆತ ಹಳಿದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಆ ಒಂಬತ್ತು ಸದಸ್ಯರ ಮೇಲೆ ದೂರಿನ ಕರಡು ಬರೆದು, ಓದಿಸಲು ನನ್ನ ಬಳಿ ತಂದ. ತಿದ್ದಲು ಏನೂ ಇರಲಿಲ್ಲ. ಸದಸ್ಯರ ಹೆಸರು, ಎದೆ, ಭುಜ, ತೋಳು, ಅಳತೆ ಕೊಟ್ಟ ದಿನ, ಬಟ್ಟೆ ತಂದವನು ಯಾರು, ಇಷ್ಟೇ. ಭ್ರಷ್ಟಾಚಾರ ಎಂಬ ಪದವೇ ಇಲ್ಲ. ಮೊದಲ ಸಾಲಿನಲ್ಲಿ ಮಾತ್ರ ತನ್ನದೇ ಅಪರಾಧ: "ಉಳಿದ ತುಂಡನ್ನು ಗುತ್ತಿಗೆದಾರ ನನಗೇ ಬಿಟ್ಟುಹೋದ, ನಾನು ಅದರಲ್ಲಿ ತೋಳಿಲ್ಲದ ಅಂಗಿ ಹೊಲಿದುಕೊಂಡೆ, ಲಗತ್ತಿಸಿದ್ದೇನೆ." ದೂರು ಕೊಡಲು ಹೋದ ಜಿಲ್ಲಾ ಕಚೇರಿಯ ಗುಮಾಸ್ತ ಆ ಅಂಗಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಅಲ್ರೀ, ನೀವೇ ಹೊಲಿದು ನೀವೇ ದೂರು ಕೊಡ್ತೀರಲ್ಲ?" ಎಂದನಂತೆ. "ಹೊಲಿದಿದ್ದಕ್ಕೇ ಗೊತ್ತು. ಹೊಲೀದೋರು ಎಲ್ಲಿಂದ ಕೊಡ್ತಾರೆ? ಮೊಹರು ಹಾಕಿ."

ಒಂಬತ್ತನೆಯ ಹೆಸರು ಆತನ ಭಾವನದು.

ತಾಯಿಯಿಲ್ಲದ ತಮ್ಮನನ್ನು ಬೆಳೆಸಿ, ಸೂಜಿಗೆ ದಾರ ಪೋಣಿಸಲು ಕಲಿಸಿದವಳು ಅಕ್ಕ. ಸುದ್ದಿ ತಿಳಿದ ದಿನವೇ ಅವಳು ಅಂಗಡಿಗೆ ಬಂದಳು. ನಾನು ಅಲ್ಲೇ ಕುಳಿತಿದ್ದೆ. ಎದ್ದು ಹೋಗುವಷ್ಟು ಅವಕಾಶವನ್ನೂ ಅವಳು ಕೊಡಲಿಲ್ಲ.

"ಎಂಟು ಹೆಸರು ಸಾಲದೇನೋ ನಿನಗೆ? ಭಾವಂದೂ ಬೇಕಿತ್ತಾ?"

"ಒಂಬತ್ತು ಹೊಲಿದೆ ಅಕ್ಕ."

"ಎಂಟು ಅಂತ ಬರೆದ್ರೆ ಯಾರು ಬಂದು ಎಣಿಸ್ತಾರೆ?"

"ನಾನೇ ಎಣಿಸ್ತೀನಲ್ಲ."

"ಸೂಜಿ ಹಿಡಿಯೋದು ಕಲಿಸಿದ್ದು ನಾನು ಕಣೋ! ನನಗೇ ಚುಚ್ತೀಯಾ?"

"ವಾರೆ ಹೊಲಿದಾಗೆಲ್ಲ ಬಿಚ್ಚು ಅಂತಿದ್ದವಳೂ ನೀನೇ."

"ನಮ್ಮನೆ ಮೆಟ್ಟಿಲು ಹತ್ತಬೇಡ ಇನ್ನು" ಎಂದು ಅಕ್ಕ ಎದ್ದಳು. ಆತ ಅವಳ ಭುಜದತ್ತಲೇ ನೋಡುತ್ತ, "ಚೀಲದ ಹಿಡಿ ಬಿಟ್ಟಿದೆ. ಕೊಡು, ಹಾಕಿಕೊಡ್ತೀನಿ" ಎಂದ. ಅವಳು ಚೀಲವನ್ನು ಕಂಕುಳಲ್ಲಿ ಅವುಚಿಕೊಂಡು ಹೊರಟೇಹೋದಳು. ಆತ ಪೆಡಲು ತುಳಿಯತೊಡಗಿದ. ದಯೆಯಿಲ್ಲದವನು ಎಂದು ನಾನು ತೀರ್ಮಾನಿಸಿದ್ದು ಆ ದಿನ.

ವಿಚಾರಣೆ ನಡೆದದ್ದು ಪುರಸಭೆಯ ದೊಡ್ಡ ಕೋಣೆಯಲ್ಲಿ, ಕಿಟಕಿಯ ಸರಳಿಗೂ ಜನ ಜೋತುಬಿದ್ದಿದ್ದರು. ಮೇಜಿನ ಮೇಲೆ ಒಂಬತ್ತು ಕೋಟು. ದರ್ಜಿಯ ಅಳತೆ ಪುಸ್ತಕ ತೆರೆದುಕೊಂಡಂತೆ ಎಂಟು ಸದಸ್ಯರು, "ಪ್ರೀತಿಯಿಂದ ಕೊಟ್ಟರು, ವಿಶ್ವಾಸಕ್ಕೆ ತೊಟ್ಟೆವು" ಎಂದು ಗೊಣಗುತ್ತ ಒಪ್ಪಿಕೊಂಡರು. ಭಾವ ಮಾತ್ರ ಎದ್ದು, "ಇದು ನನ್ನ ಕೋಟೇ ಅಲ್ಲ. ಇವನಿಗೂ ನಮಗೂ ಮನೆ ಜಗಳ" ಎಂದುಬಿಟ್ಟ. ಗುತ್ತಿಗೆದಾರನ ವಕೀಲನಿಗೆ ಬೇಕಾದದ್ದು ಅಷ್ಟೇ: ಪುಸ್ತಕದಲ್ಲಿ ಒಂದು ಅಳತೆ ಸುಳ್ಳಾದರೆ ಒಂಬತ್ತೂ ಸುಳ್ಳು, ದೂರನ್ನೇ ವಜಾ ಮಾಡಿ ಎಂದ. ಒಪ್ಪಿಕೊಂಡಿದ್ದ ಎಂಟು ಮುಖಗಳು ಮೆಲ್ಲಗೆ ಅರಳತೊಡಗಿದವು.

ದರ್ಜಿ ಒಂಬತ್ತನೆಯ ಕೋಟನ್ನು ಎತ್ತಿಕೊಂಡ. ಜೇಬಿನಲ್ಲಿ ಆತನ ಕತ್ತರಿ ಇತ್ತು. ಇನ್ನೇನು 'ಬಿಚ್ಚಿ ನೋಡೋಣ' ಬರುತ್ತದೆಂದು ಇಡೀ ಕೋಣೆ ಕಾಯಿತು. ಬಿಚ್ಚಿದ್ದರೆ ಸಿಗುತ್ತಿದ್ದದ್ದು ಇದು: ಎಡಭುಜದ ಅಸ್ತರಿನಡಿ ನಾಲ್ಕು ಪದರದ ಮೆತ್ತೆ. ಚಿಕ್ಕಂದಿನ ಕಾಯಿಲೆಯಲ್ಲಿ ಭಾವನ ಎಡಭುಜ ಕುಗ್ಗಿಹೋಗಿತ್ತು. ಮದುವೆಯ ಕೋಟಿನಿಂದ ಹಿಡಿದು ಮೂವತ್ತೈದು ವರ್ಷ ಮೈದುನ ಅದನ್ನು ಹೊಲಿಗೆಯಲ್ಲಿ ಮುಚ್ಚಿದ್ದ. ನೆಟ್ಟಗೆ ನಿಲ್ಲುವ ಮನುಷ್ಯನೆಂದೇ ಊರು ಭಾವನಿಗೆ ಮತ ಹಾಕುತ್ತಿತ್ತು. ಆ ದಿನ ಇದು ನನಗೂ ಗೊತ್ತಿರಲಿಲ್ಲ. ಭಾವ ತೀರಿಕೊಂಡ ಮೇಲೆ ಅಕ್ಕನೇ ಹೇಳಿದಳು, ಬರೆಯಿರಿ ಎಂದವಳೂ ಅವಳೇ.

ದರ್ಜಿ ಕತ್ತರಿ ತೆಗೆಯಲಿಲ್ಲ. ವಿಚಾರಣೆಗೆ ಬಂದಿದ್ದ ಅಧಿಕಾರಿಯ ಹತ್ತಿರ ಹೋಗಿ, "ಸ್ವಾಮಿ, ಒಳಗಿನ ಕೋಣೆಯಲ್ಲಿ ಅವರು ಇದನ್ನ ಹಾಕ್ಕೊಳ್ಳಲಿ. ನೀವೊಬ್ಬರೇ ನೋಡಿ, ಬಾಗಿಲು ಹಾಕ್ಕೊಳ್ಳಿ" ಎಂದ. "ನೀವು ಬರೋಲ್ವಾ?" ಎಂದರು ಅಧಿಕಾರಿ. "ನಾನು ನೋಡಿದ್ದೀನಿ."

ಭಾವ ಆತನನ್ನೇ ದಿಟ್ಟಿಸಿದ. ದರ್ಜಿ ಅಂದು ಮಾತ್ರ ಯಾರ ಭುಜವನ್ನೂ ನೋಡದೆ ನೆಲ ನೋಡುತ್ತಿದ್ದ. "ಬೇಡ," ಎಂದ ಭಾವ, ಧ್ವನಿ ಕುಸಿದಿತ್ತು, "ನಂದೇ ಅದು. ಬರ್ಕೊಳ್ಳಿ."

ಗುತ್ತಿಗೆ ರದ್ದಾಯಿತು, ಒಂಬತ್ತು ಸ್ಥಾನಗಳೂ ಹೋದವು. ಇಂಥ ಜನರ ಬಗ್ಗೆ ನಾವು ಸುಲಭವಾಗಿ ಹೇಳಿಬಿಡುತ್ತೇವೆ: ಊರಿಗೆ ಬೇಕಾದವರು, ಮನೆಗೆ ಬೇಡದವರು, ನ್ಯಾಯದ ಹಟ ಹಿಡಿದವರಿಗೆ ಕರುಳು ತೆಳುವಾಗಿರುತ್ತದೆ ಎಂದು. ಹೀಗೆ ಹೇಳುವುದರಲ್ಲಿ ನಮಗೊಂದು ಅನುಕೂಲವಿದೆ: ಸುಮ್ಮನಿದ್ದ ನಮ್ಮ ಹೇಡಿತನಕ್ಕೆ ಕರುಣೆಯೆಂಬ ಹೆಸರು ಸಿಗುತ್ತದೆ. ಆ ದಿನ ವಿಚಾರಣೆ ಮುಗಿದಾಗ ನಾನೂ ಹಾಗೆಯೇ ಹೇಳಿಕೊಂಡು ಎದ್ದು ಹೊರಡುತ್ತಿದ್ದೆ.

ಮೇಜಿನ ಮೇಲೆ ಎಂಟು ಕೋಟುಗಳು ಗುಡ್ಡೆಬಿದ್ದಿದ್ದವು. ಗುಮಾಸ್ತರು ಅವನ್ನು ಚೀಲಕ್ಕೆ ತುರುಕಿ ಮೊಹರು ಹಾಕುತ್ತಿದ್ದರು. ಒಂಬತ್ತನೆಯದನ್ನು ದರ್ಜಿ ಅವರ ಕೈಗೆ ಕೊಡಲಿಲ್ಲ. ತಾನೇ ಹರವಿ, ಎಡಭುಜ ಎಲ್ಲಕ್ಕಿಂತ ಒಳಗೆ ಸೇರುವಂತೆ ಮಡಚಿ, ಕುತ್ತಿಗೆಯ ಟೇಪನ್ನು ತೆಗೆದು ಅದರ ಸುತ್ತ ಎರಡು ಸುತ್ತು ಬಿಗಿದು ಗಂಟು ಹಾಕಿ, ಆಮೇಲೆ ಕೊಟ್ಟ.