ಯುನುಸ ನೋಡದ ಹೂವು

ಜೀನತ ತೀರಿಕೊಂಡ ಮೇಲೆ ಯುನುಸನಿಗೆ ಉಳಿದ ಆಸೆ ಒಂದೇ. ಅವಳು ಮಾಳಿಗೆಯ ಮೇಲೆ ಬಣ್ಣದ ಡಬ್ಬಿಯಲ್ಲಿ ಬೆಳೆಸಿದ್ದ ಹತ್ತು ಗಂಟೆ ಹೂವು ಅರಳಿದ್ದನ್ನು ಒಮ್ಮೆ ಕಣ್ಣಾರೆ ನೋಡಬೇಕು. ಹೆಂಡತಿ ಬದುಕಿದ್ದಾಗ ನೋಡಲಿಲ್ಲವೇ ಎಂದರೆ, ಇಲ್ಲ, ನೋಡಲಿಲ್ಲ. ಗೇಣುದ್ದದ ಆ ಗಿಡ ಬಿಸಿಲೇರಿದಾಗ ಹೂ ಬಿಚ್ಚಿ, ಮಧ್ಯಾಹ್ನ ದಾಟುವಷ್ಟರಲ್ಲಿ ಮುದುಡಿಬಿಡುತ್ತದೆ. ಈ ಮಹಾಶಯನೋ ಸ್ಟೇಷನ್ ರಸ್ತೆಯ ತನ್ನ ಮಿಕ್ಸರ್ ರಿಪೇರಿ ಅಂಗಡಿಗೆ ಬೆಳಗ್ಗೆ ಹೋದರೆ ಕತ್ತಲಾಗದೆ ಮನೆಗೆ ಬರುವವನಲ್ಲ.

“ಒಂದಿನ ಅಂಗಡಿ ಬಿಟ್ಟು ಬಿಸಲಾಗ ಬರ್ರಿ,” ಎಂದು ಜೀನತ ಕರೆದು ಕರೆದು ಸಾಕಾಗಿದ್ದಳು. “ಫೋಟೊ ಕಳಸೂದಿಲ್ಲ, ಹೆಂಗೈತಿ ಅಂತ ಹೇಳೂದೂ ಇಲ್ಲ. ಬಂದ ನೋಡ್ರಿ.”

“ಹೂವು ಎಲ್ಲಿ ಓಡಿ ಹೋಗ್ತದ? ನಾಳೆ ನೋಡಿದ್ರಾತು,” ಎನ್ನುತ್ತಿದ್ದ. ಹೂವು ಎಲ್ಲಿಗೂ ಹೋಗಲಿಲ್ಲ. ಜ್ವರ ಬಂದು ಜೀನತಳೇ ಹೋದಳು.

ದುಃಖದ ಭರದಲ್ಲಿ ಯಾರೂ ನೀರು ಹಾಕಲಿಲ್ಲ, ಬೇಸಿಗೆಗೆ ಗಿಡ ಒಣಗಿತು. ಅದಕ್ಕೂ ತಾನೇ ಕಾರಣ ಎಂದು ಯುನುಸ ಒಳಗೊಳಗೇ ಬೆಂದ. ಮೊದಲ ಮಳೆ ಬಿದ್ದಾಗ ಡಬ್ಬಿಯಲ್ಲಿ ಕೆಂಪು ದಂಟಿನ ಪುಟ್ಟ ಚಿಗುರು ಕಂಡಿತು. ಅವಳ ಗಿಡವೇ ಮರಳಿತೋ, ಗಾಳಿಗೆ ಬಂದು ಬಿದ್ದ ಕಳೆಯೋ? ಒಂದು ಎಲೆ ಚಿವುಟಿಕೊಂಡು ಟಿಕೋಟಾ ರಸ್ತೆಯಲ್ಲಿ ಸಸಿ ಮಾರುವ ಭಾಗಪ್ಪನ ಹತ್ತಿರ ಹೋದ.

ಭಾಗಪ್ಪ ಎಲೆಯನ್ನು ತಿರುವಿ ಮುರುವಿ ನೋಡಿದ. “ಅಡಗಿ ಮಾಡೂ ಗೋಳಿಪಲ್ಯೆ ಇದ್ದಂಗ ಅದ. ಹತ್ತು ಗಂಟಿ ಹೂವಿನಾಗೂ ಇಂಥಾ ಎಲಿದು ಒಂದು ಜಾತಿ ಬರ್ತದ್ರಿ. ಹೂವು ಬಿಟ್ರ ಗೊತ್ತಾಗ್ತದ. ಬಿಸಲಿಗಿಡ್ರಿ, ನೀರು ಭಾಳ ಹಾಕಬ್ಯಾಡ್ರಿ.”

ಅಲ್ಲಿಂದ ಯುನುಸನ ಜೀವವೆಲ್ಲ ಆ ಡಬ್ಬಿಯಲ್ಲಿ. ಎದ್ದ ಕೂಡಲೇ ಮಾಳಿಗೆ ಹತ್ತುತ್ತಿದ್ದ, ಹುಲ್ಲು ಆರಿಸುತ್ತಿದ್ದ, ಬಿಸಿಲು ಸರಿದಂತೆ ಡಬ್ಬಿ ಸರಿಸಲು ತಾನಿಲ್ಲವಲ್ಲ ಎಂದು ಅಂಗಡಿಯಲ್ಲಿ ಕೂತು ಚಡಪಡಿಸುತ್ತಿದ್ದ. ಯಾರಿಗಾದರೂ ಹೇಳೋಣವೆಂದರೆ ನಾಚಿಕೆ. ಇದ್ದಾಗ ಇಲ್ಲದ ಅಕ್ಕರೆ ಸತ್ತ ಮೇಲೆ ಉಕ್ಕಿತೇ ಎಂದು ಜನ ನಕ್ಕರೆ, ನಗುವುದೂ ಸರಿಯೇ ಅಲ್ಲವೇ?

ಅದೊಂದು ಮುಂಜಾನೆ ತುದಿಯಲ್ಲಿ ಮೊಗ್ಗು ಕಂಡವು, ಜೋಳದ ಕಾಳಿನಷ್ಟು. ಹಸಿರು ಸಿಪ್ಪೆಯಲ್ಲಿ ಬಾಯಿ ಮುಚ್ಚಿಕೊಂಡಿದ್ದವು. ನಾಳೆ ಅಂಗಡಿ ತೆಗೆಯುವುದಿಲ್ಲ ಎಂದು ನಿಶ್ಚಯಿಸಿಯೇ ಅಂದು ಕೆಲಸಕ್ಕೆ ಹೋದ.

ರಾತ್ರಿ ಮನೆಗೆ ಬಂದಾಗ ಸಾರವಾಡದಿಂದ ತಂಗಿ ಶಾಹೀನ ಬಂದಿದ್ದಳು. ಒಬ್ಬನೇ ಇರುವ ಅಣ್ಣನಿಗೆಂದು ಮನೆ ಗುಡಿಸಿ, ಒರೆಸಿ, ಬಿಸಿ ರೊಟ್ಟಿ ಬಡಿದಿಟ್ಟಿದ್ದಳು. ಎಷ್ಟೋ ದಿನದ ಮೇಲೆ ಯುನುಸನಿಗೆ ಹಸಿವಾಗಿತ್ತು. ಎರಡನೆಯ ರೊಟ್ಟಿ ಮುರಿಯುತ್ತ ಹೇಳಿದ:

“ನಾಳೆ ಅಂಗಡಿ ತಗಿಯೂದಿಲ್ಲ.”

“ಯಾಕ ಭಾಯಿ?”

“ಮಾಳಿಗಿ ಮ್ಯಾಲ ಜೀನತನ ಗಿಡ ಮೊಗ್ಗಿ ಬಿಟ್ಟೈತಿ. ಅರಳೂದು ನೋಡಬೇಕು.”

ಶಾಹೀನಳ ಕೈಯಲ್ಲಿನ ಸೌಟು ನಿಂತಿತು. “ಬಣ್ಣದ ಡಬ್ಬಿಯಾಗಿಂದು?”

“ಹೂಂ.”

“ಗೋಳಿಪಲ್ಯೆ ಅಂತ ತಿಳದು ಕಿತ್ತೆ ಭಾಯಿ. ಬ್ಯಾಳಿ ಹಾಕಿ ಮಾಡೇನಿ. ಬೇರು ದಂಟು ಓಣಿ ಆಡಿಗೆ ಹಾಕಿದೆ.”

ಯುನುಸ ತಾಟನ್ನೇ ನೋಡುತ್ತ ಕುಳಿತ. ಅರ್ಧ ಪಲ್ಯ ಅವನ ಹೊಟ್ಟೆಯಲ್ಲಿತ್ತು. ಅದು ಜೀನತಳ ಗಿಡವೋ ಬರೀ ಸೊಪ್ಪೋ ಎಂಬುದು ಇನ್ನು ಈ ಜನ್ಮದಲ್ಲಿ ಗೊತ್ತಾಗುವಂತಿರಲಿಲ್ಲ. ತಂಗಿಯನ್ನು ಬೈಯಲು ಬಾಯಿ ಬರಲಿಲ್ಲ. ಅವಳು ಮಾಡಿದ್ದು ಪ್ರೀತಿಯ ಅಡುಗೆ, ಅದು ಅವನಿಗೆ ಗೊತ್ತಿದ್ದರಿಂದಲೇ ಸಂಕಟ ಇನ್ನೂ ಹೆಚ್ಚಾಯಿತು.

ಶಾಹೀನ ಅಳುತ್ತ ಪಕ್ಕದಲ್ಲಿ ಕುಳಿತಳು. “ಮುಂಜಾನೆ ಗಾಂಧಿ ಚೌಕಕ್ಕ ಹೋಗಿ ಅಂಥಾದೇ ಸಸಿ ಹುಡಕಿ ತರ್ತೇನಿ. ಭಾಬಿದು ಯಾವ ಬಣ್ಣದ ಹೂವು ಇತ್ತು, ಅಷ್ಟು ಹೇಳು.”

ಯುನುಸ ತಾಟನ್ನು ಪಕ್ಕಕ್ಕೆ ಸರಿಸಿದ. ಅವಳು ಮತ್ತೆ ಕೇಳಿದಳು.

“ಗೊತ್ತಿಲ್ಲ,” ಎಂದ. “ನಾ ನೋಡೇ ಇಲ್ಲ.”