ಕಂಪ್ಯೂಟರಿನೊಳಗಿನ ಸವತಿ

ನನಗೆ ಹೊಟ್ಟೆಕಿಚ್ಚು ಜಾಸ್ತಿ, ಮೊದಲೇ ಹೇಳಿಬಿಡುತ್ತೇನೆ. ಈ ಸಲ ಅದು ಒಂದು ಕಂಪ್ಯೂಟರಿನ ಮೇಲೆ.

ನಮ್ಮವರು ಬಾದಾಮಿಯಲ್ಲಿ ಹಾರ್ಮೋನಿಯಂ ಕಲಿಸುತ್ತಾರೆ. ಗಂಡನ ಹೆಸರು ಹೇಳಬಾರದು ಎನ್ನುತ್ತಿದ್ದರು ನಮ್ಮತ್ತೆ. ಗುರುತಿಗಾಗಿ ಒಮ್ಮೆ ಹೇಳುತ್ತೇನೆ, ನಾಗಲಿಂಗ. ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಹಾಗಿದ್ದೂ ನಾಲ್ಕು ವರ್ಷದಿಂದ ಸಣ್ಣ ಚಿತ್ರಗಳಿಗೆ ಹಿನ್ನೆಲೆ ಸಂಗೀತ ಮಾಡಿಕೊಡುತ್ತಾರೆ. ಅದು ಹೇಗೆ ಎಂದು ಜನ ಕೇಳುತ್ತಾರೆ. ನಾನಿದ್ದೇನಲ್ಲ? ತೆರೆಯ ಮೇಲೆ ಆಗುವುದನ್ನು ನಾನು ಹೇಳುತ್ತೇನೆ, ಅವರು ನುಡಿಸುತ್ತಾರೆ. ನುಡಿಸಿದ್ದನ್ನು ಸಾಫ್ಟ್‌ವೇರಿನಲ್ಲಿ ಕತ್ತರಿಸಿ ಜೋಡಿಸುವುದೂ ನನ್ನದೇ ಕೆಲಸ.

ನಮ್ಮ ಹಳೆಯ ಸಾಫ್ಟ್‌ವೇರ್ ಹೊಸ ಕಂಪ್ಯೂಟರಿನಲ್ಲಿ ಓಡಲಿಲ್ಲ. ಬಾಗಲಕೋಟೆಯ ಅರ್ಷದ, ಈಗಿನ ಚಿತ್ರ ಮಾಡಿದವನು, ನೋಡಿ ಆರಿಸಿಕೊಳ್ಳಿ ಎಂದು ಎರಡು ಹಾಕಿಕೊಟ್ಟ. ಒಂದು ಮದುಮಗಳಂತೆ ಬಣ್ಣಬಣ್ಣದ್ದು, ನೂರೆಂಟು ವಾದ್ಯ. ಇನ್ನೊಂದು ಬೂದು ಬಣ್ಣದ್ದು, ಮೌಸೇ ಬೇಡ. ಕೀಲಿ ಒತ್ತಿದಾಗಲೆಲ್ಲ ಒಂದು ಹೆಣ್ಣು ದನಿ ಎಲ್ಲಿದ್ದೀರಿ, ಏನು ಮಾಡಿದಿರಿ ಎಂದು ಓದಿ ಹೇಳುತ್ತದೆ.

"ಇದ ಇರ್ಲಿ ಅರ್ಷದ," ಎಂದರು ನಮ್ಮವರು. "ಇದು ನನ್ನ ಜೋಡಿ ಮಾತಾಡ್ತೈತಿ."

"ನಾ ಮಾತಾಡೂದು ಸಾಲವಲ್ದೇನ್ರಿ?" ಎಂದೆ. ಇಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ. ಇನ್ನು ಇವರಿಗೆ ನಾನು ಬೇಕಾಗುವುದು ಅಡುಗೆಮನೆಯಲ್ಲಿ ಮಾತ್ರ ಎಂದು ಅನ್ನಿಸಿ ಸಂಕಟವಾಯಿತು.

ಚಿತ್ರ ಹನ್ನೆರಡು ನಿಮಿಷದ್ದು. ಕಮತಗಿಯ ರಮಾಬಾಯಿ ಮಗಳ ಮದುವೆಗೆ ತಾನೇ ಸೀರೆ ನೇಯುತ್ತಾಳೆ. ನಾನು ಮುಖ ಊದಿಸಿಕೊಂಡೇ ಹೇಳತೊಡಗಿದೆ.

"ಮಗ್ಗದ ಮುಂದ ಕುಂತಾಳ. ಕೆಂಪು ಸೆರಗು ನೇಯಾಕತ್ತಾಳ. ಮಗಳು ಚಾ ತಂದ್ಲು. ಅಯ್ಯ, ರಮಾಬಾಯಿ ಕಪ್ ಅಂತ ತಿಳದು ನೂಲಿನ ಲಾಳಿ ಬಾಯಿಗೆ ಒಯ್ದ್ಲು ನೋಡ್ರಿ." ಸಿಟ್ಟಿನಲ್ಲೂ ನಕ್ಕುಬಿಟ್ಟೆ. ಟಕ್ ಎಂದು ಕೀಲಿಯ ಸಪ್ಪಳ. ಆಗಾಗ ಅದೇ ಟಕ್.

ಕೊನೆಗೆ ರಮಾಬಾಯಿ ಹೊಸ ಸೀರೆಯನ್ನು ಮಗಳ ಹೆಗಲಿಗೆ ಹೊದಿಸಿ, ಹಿಂದೆ ಸರಿದು, ಚಸ್ಮಾ ತೆಗೆದಳು. ನನಗೆ ಮಾತು ಹೊರಡಲಿಲ್ಲ. ನನ್ನ ಮದುವೆಯ ದಿನ ಅವ್ವನೂ ಹೀಗೇ ಚಸ್ಮಾ ತೆಗೆದಿದ್ದಳು. ಯಾಕೆ ನಿಲ್ಲಿಸಿದೆ ಎಂದು ಇವರು ಕೇಳಲೂ ಇಲ್ಲ. ಮತ್ತೆ ಟಕ್.

"ನಾ ಹೇಳೂದು ಕೇಳಾಕತ್ತೀರೋ, ಅಕಿ ಜೋಡಿ ಆಡಾಕತ್ತೀರೋ?" ಎಂದು ರೇಗಿ ಎದ್ದುಹೋದೆ.

ನಾಲ್ಕು ದಿನ ನಾನು ಆ ಕೋಣೆಯ ಕಡೆ ಸುಳಿಯಲಿಲ್ಲ. ಐದನೆಯ ದಿನ ಚಹಾ ಕೊಡಲು ಹೋದೆ. ಇವರು ತಾವು ನುಡಿಸಿ ಕೂಡಿಸಿದ ಸಂಗೀತದ ಜೊತೆ ಚಿತ್ರವನ್ನು ಮೊದಲಿನಿಂದ ಕೇಳಿಸಿಕೊಳ್ಳುತ್ತಿದ್ದರು. ಎಲೆಅಡಿಕೆ ತುಂಬಿಕೊಂಡ ಬಾಯಿಯಂಥ ಕನ್ನಡದಲ್ಲಿ ನನ್ನ ಸವತಿ ಓದುತ್ತಿದ್ದಳು.

"ಸುನಂದಾ ಸಿಟ್ಟಿನಲ್ಲಿದ್ದಾಳೆ." ನನ್ನ ಹೆಸರು! ಮಗ್ಗದ ಸಪ್ಪಳದ ಜೊತೆ ಬಿಗಿಯಾದ ಒಂದೇ ಸ್ವರ.

"ಸುನಂದಾ ನಕ್ಕಳು." ಹಾರ್ಮೋನಿಯಂ ಕುಣಿಯಿತು.

"ಸುನಂದಾ ಸುಮ್ಮನಾದಳು." ಸಂಗೀತ ಪೂರ್ತಿ ನಿಂತಿತು.

"ಏನ್ರಿ ಇವು?" ಕಪ್ಪನ್ನು ಮೇಜಿನ ಮೇಲಿಟ್ಟು ಕೇಳಿದೆ.

"ಗುರುತು. ನೀ ಹೇಳೂವಾಗ ಟಕ್ ಅಂತ ಹಾಕಿದ್ದು, ಆಮ್ಯಾಲ ಬರದೇನಿ. ನಾ ರಮಾಬಾಯಿನ್ನ ಎಲ್ಲಿ ನೋಡೇನಿ? ನಿನ್ನ ದನಿ ಕೇಳೇನಿ, ಸಂಗೀತ ಅದಕ್ಕ ಮಾಡೇನಿ. ಮದ್ಲ ಮೌಸ್ ನಿನ್ನ ಕೈಯಾಗ ಇತ್ತು. ನಿನ್ನ ಮನಸಿನ್ಯಾಗಿಂದು ನಿನ್ನ ಕೈಲೇ ಹೆಂಗ ಬರಸ್ಲಿ?"

ನಾನು ಪಕ್ಕದಲ್ಲಿ ಕುಳಿತೆ. "ಸುಮ್ಮನಾಗಿರಲಿಲ್ರಿ. ಅತ್ತಿದ್ನಿ."

"ಗೊತ್ತೈತಿ. ನೀ ಹೇಳದ ಹೆಂಗ ಬರೀಲಿ?" ಎಂದು ಕೀಲಿಗಳನ್ನು ಒತ್ತಿದರು. ಅವಳು ಓದಿದಳು, "ಸುನಂದಾ ಅತ್ತಳು."

"ಅಲ್ಲಿ ಏನರ ನುಡಸ್ಲ್ಯಾ?"

"ಬ್ಯಾಡ್ರಿ," ಎಂದೆ. "ನಮ್ಮ ಮದಿವಿ ದಿನ ಅವ್ವನೂ ಸುಮ್ಮನ ನಿಂತಿದ್ಲು."