ಬೆಳಗಿನ ಎತ್ತರ, ಸಂಜೆಯ ಎತ್ತರ

ನಾನು ಎತ್ತರ ಅಳೆಯುವ ಒಂದು ಹಲಗೆ. ಧಾರವಾಡದ ಬಡಿಗ ಮೌನೇಶಪ್ಪ ಮಾವಿನ ಮರದಲ್ಲಿ ನನ್ನನ್ನು ಮಾಡಿ, ಮೈತುಂಬ ಗೆರೆ ಕೊರೆದ. ನೆತ್ತಿಗೆ ತಾಗಿಸಲು ಮೇಲೆ ಕೆಳಗೆ ಸರಿಯುವ ಪಟ್ಟಿಯೊಂದನ್ನೂ ಕೂರಿಸಿದ.

ನನ್ನನ್ನು ಕೊಂಡವರು ಪೌಷ್ಟಿಕ ಆಹಾರದ ಬಗ್ಗೆ ಸಂಶೋಧನೆ ಮಾಡುತ್ತಿದ್ದ ವಿಶಾಲಾಕ್ಷಿ. ಖರ್ಚೆಲ್ಲ ಮಾಲ್ಟ್ ಪುಡಿ ಮಾರುವ ಕಂಪನಿಯದು. ಗದಗದ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅರ್ಧ ಮಕ್ಕಳಿಗೆ ಆ ಪುಡಿ ಕದಡಿದ ಹಾಲು, ಉಳಿದವರಿಗೆ ಎಂದಿನ ಹಾಲು, ತತ್ತಿ. ಯಾರು ಹೆಚ್ಚು ಬೆಳೆಯುತ್ತಾರೆಂದು ನೋಡಬೇಕಿತ್ತು. ಮೊದಲ ದಿನ ಎಲ್ಲರನ್ನೂ ಬೆಳಿಗ್ಗೆಯೇ ಅಳೆದರು. ವಿಶಾಲಾಕ್ಷಿಯ ಕೈ ಎಷ್ಟು ಮೃದು! ಒಂದು ಮಗುವಿಗೂ ಪಟ್ಟಿ ತಗುಲಿ ನೋವಾಗಲಿಲ್ಲ.

ವರ್ಷ ಮುಗಿಯುತ್ತ ಬಂದರೂ ಎರಡೂ ಗುಂಪು ಸರಿಸಮ. ಕಂಪನಿಯ ಸಾಹೇಬರು ನಗುನಗುತ್ತಲೇ ಬಂದರು.

"ಕಡೀ ಅಳತಿ ಪುಡಿ ಕುಡದೋರ್ದು ಮುಂಜಾನೆ ತಗೋರಿ ಮೇಡಂ. ಉಳದೋರ್ದು ಸಂಜಿಗೆ, ಆಟ ಮುಗದ ಮ್ಯಾಲೆ."

ಮಲಗಿ ಎದ್ದ ಮೈ ಬೆಳಿಗ್ಗೆ ತುಸು ಎತ್ತರವಿರುತ್ತದೆ. ದಿನವಿಡೀ ಓಡಾಡಿದರೆ ಸಂಜೆಗೆ ಅರ್ಧ ಸೆಂಟಿಮೀಟರಾದರೂ ಕುಗ್ಗುತ್ತದೆ. ಇದು ವಿಶಾಲಾಕ್ಷಿಗೆ ಚೆನ್ನಾಗಿ ಗೊತ್ತು.

"ಮೋಸ ಆಗ್ತದಲ್ರೀ."

"ಅಳತಿ ಖರೇನ ಇರ್ತದಲ್ಲ? ನಿಮ್ಮ ಪಿಎಚ್.ಡಿ. ಅರ್ಧಕ್ಕ ನಿಂತ್ರ ಹೆಂಗ?"

ವಿಶಾಲಾಕ್ಷಿ ಅಳತೆಯ ವೇಳಾಪಟ್ಟಿ ತಿದ್ದಿದರು. ಸಾಹೇಬರು ಹೇಳಿದಂತೆಯೇ ಅಳೆದರು. ನಾನು ಗೆರೆ ತೋರಿಸಬಲ್ಲೆನೇ ಹೊರತು ಗಡಿಯಾರ ತೋರಿಸಲಾರೆ.

ಪುಡಿ ಕುಡಿದವರೇ ಹೆಚ್ಚು ಬೆಳೆದರೆಂಬ ಪ್ರಬಂಧ ಅಚ್ಚಾಯಿತು, ವಿಶಾಲಾಕ್ಷಿ ಡಾಕ್ಟರ್ ಆದರು. ಅದನ್ನೋದಿದ ಹಾಸ್ಟೆಲಿನ ಮಂಡಳಿ ಹಾಲು, ತತ್ತಿ ನಿಲ್ಲಿಸಿ, ಎಲ್ಲರಿಗೂ ಆ ಪುಡಿಯನ್ನೇ ನೀರಿನಲ್ಲಿ ಕದಡಿ ಕೊಡತೊಡಗಿತು.

ಸುದ್ದಿ ಕೇಳಿ ವಿಶಾಲಾಕ್ಷಿಗೆ ತಡೆಯಲಾಗಲಿಲ್ಲ. ಮರುವರ್ಷ ನನ್ನನ್ನು ಹೊತ್ತು ಮತ್ತೆ ಗದಗಕ್ಕೆ ಹೋದರು. ಹಿಂದೆ ಸಂಜೆಯ ಗುಂಪಿನಲ್ಲಿದ್ದ ರೇಣವ್ವ ಓಡಿ ಬಂದಳು.

"ಅಕ್ಕಾರ, ಈಗ ನನಗೂ ಪುಡಿ ಕೊಡ್ತಾರ್ರೀ! ಎಷ್ಟ ಎತ್ತರ ಆಗೇನಿ ನೋಡ್ರಿ."

ತತ್ತಿ ತಿನ್ನುತ್ತಿದ್ದ ವರ್ಷ ಆರು ಸೆಂಟಿಮೀಟರು ಬೆಳೆದಿದ್ದ ಹುಡುಗಿ ಈ ಸಲ ಎರಡೇ ಬೆಳೆದಿದ್ದಳು. ವಿಶಾಲಾಕ್ಷಿಯ ಮುಖ ಬಾಡಿದ್ದು ಅವಳಿಗೆ ಕಂಡಿತು.

"ತಡೀರಿ ಅಕ್ಕಾರ, ಇನ್ನೊಮ್ಮೆ ನೋಡ್ರಿ."

ಈಗ ನಾನು ವಿಶಾಲಾಕ್ಷಿ ಓದಿದ ಕಾಲೇಜಿನ ಉಗ್ರಾಣದಲ್ಲಿ, ಮುರಿದ ಕುರ್ಚಿಗಳ ಹಿಂದಿದ್ದೇನೆ. ಗೆದ್ದಲು ಹಿಡಿದು ಅರ್ಧ ಗೆರೆಗಳು ಹೋಗಿವೆ. ಎಷ್ಟೋ ಮಕ್ಕಳ ಮುಖ ಮರೆತಿದ್ದೇನೆ. ರೇಣವ್ವನದು ಮಾತ್ರ ಮರೆಯಲಾಗಿಲ್ಲ. ಆ ದಿನ ಅವಳು ಮತ್ತೆ ನನಗೆ ಬೆನ್ನು ತಾಗಿಸಿ ನಿಂತು, ಕಣ್ಣು ಮುಚ್ಚಿ, ಮೆಲ್ಲಗೆ ಹಿಮ್ಮಡಿ ಎತ್ತಿದಳು. ಹಿಮ್ಮಡಿಯನ್ನು ಒತ್ತಿ ನೆಲಕ್ಕೆ ತಾಗಿಸಿಯೇ ಅಳೆಯಬೇಕೆಂಬುದು ನಿಯಮ.

ಒತ್ತಲು ವಿಶಾಲಾಕ್ಷಿಗೆ ಕೈ ಏಳಲಿಲ್ಲ.